ಹಣಕ್ಕೆ ಲೆಕ್ಕವಿರಲಿ, ಮನುಷ್ಯನಿಗೆ ಮರೆಯೂ ಇರಲಿ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿಚಿತ್ರವಾದೊಂದು ಬದಲಾವಣೆ ಕಂಡುಬಂತು. ವರ್ಷಗಳಿಂದ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೂ ತಳ್ಳುಗಾಡಿಯ ತಕ್ಕಡಿಯ ಪಕ್ಕದಲ್ಲೂ ಅಂಟಿಕೊಂಡಿದ್ದ ಕ್ಯೂಆರ್ ಚೀಟಿಗಳು ಒಂದೊಂದಾಗಿ ಕಾಣೆಯಾದವು. ಅವುಗಳ ಜಾಗಕ್ಕೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಫಲಕಗಳು ಬಂದವು. ದೇಶದ ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಬೀಗುವ ನಗರದಲ್ಲಿಯೇ ಸಣ್ಣ ವ್ಯಾಪಾರಿಯು ತಂತ್ರಜ್ಞಾನಕ್ಕೆ ಬೆದರಿ ಹಳೆಯ ನೋಟಿಗೆ ಮರಳಿದನೆಂದರೆ ಅದನ್ನು ಬರಿಯ ತೆರಿಗೆಗಳ್ಳತನವೆಂದು ತಳ್ಳಿಹಾಕಲು ಸಾಧ್ಯವೇ?

ನಡೆದದ್ದಿಷ್ಟು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಪಾವತಿ ಸಂಸ್ಥೆಗಳಿಂದ 2021-22ರಿಂದ 2024-25ರವರೆಗಿನ ಯುಪಿಐ ವಿವರಗಳನ್ನು ಪಡೆದು, ಸರಕುಗಳಿಗೆ ನಿಗದಿಯಾದ 40 ಲಕ್ಷ ರೂಪಾಯಿ ಮತ್ತು ಸೇವೆಗಳಿಗೆ ನಿಗದಿಯಾದ 20 ಲಕ್ಷ ರೂಪಾಯಿಯ ವಾರ್ಷಿಕ ಮಿತಿ ಮೀರಿದವರೆಂದು ತೋರಿದ ಸಾವಿರಾರು ಮಂದಿಗೆ ನೋಟಿಸು ಕಳುಹಿಸಿತು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ಚಹಾ ಮಾರುವವರು ಕಂಗಾಲಾದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿ ಕಟ್ಟುವಂತೆ ನೋಟಿಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲವೆಂಬುದು ಆ ನೋಟಿಸು ತಯಾರಾಗುವಾಗ ಯಾರಿಗೂ ಹೊಳೆಯಲಿಲ್ಲ.

ವ್ಯಾಪಾರಿಗಳು ಜುಲೈ 25ರಂದು ಬಂದ್ ಆಚರಿಸಲು ಸಿದ್ಧರಾದ ಬಳಿಕವೇ ಸರಕಾರ ಎಚ್ಚೆತ್ತಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಜಿಎಸ್‌ಟಿ ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ನೀಡಿದರು. ಹಾಲು, ಹಣ್ಣು, ತರಕಾರಿ, ಮಾಂಸ ಮಾರುವವರ ಆತಂಕ ತಗ್ಗಿತು. ರಾಜ್ಯದ ಆಡಳಿತಗಾರರು ಕೇಂದ್ರದತ್ತಲೂ ಕೇಂದ್ರದವರು ರಾಜ್ಯದತ್ತಲೂ ಬೆರಳು ತೋರಿಸಿ ತಂತಮ್ಮ ಕೈ ತೊಳೆದುಕೊಂಡರು. ಆದರೆ ಮೂಲ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಪ್ರಜೆಯ ಪ್ರತಿಯೊಂದು ಕೊಡುಕೊಳ್ಳುವಿಕೆಯನ್ನೂ ಇಣುಕಿ ನೋಡುವ ಅಧಿಕಾರ ಪ್ರಭುತ್ವಕ್ಕೆ ಎಲ್ಲಿಯವರೆಗೆ ಇದೆ?

ತೆರಿಗೆ ತಪ್ಪಿಸುವುದನ್ನು ನಾವು ಸಮರ್ಥಿಸುವುದಿಲ್ಲ. ಕ್ಯೂಆರ್ ಚೀಟಿ ಕಿತ್ತೆಸೆದರೆ ತೆರಿಗೆಯಿಂದ ಪಾರಾಗಬಹುದೆಂಬುದು ಭ್ರಮೆ. ಕಾನೂನು ನೋಡುವುದು ಒಟ್ಟು ವಹಿವಾಟನ್ನು. ಹಣ ನೋಟಿನ ರೂಪದಲ್ಲಿ ಬಂದರೂ ಫೋನಿನ ಮೂಲಕ ಬಂದರೂ ಮಿತಿ ಒಂದೇ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆಯೆಂಬುದನ್ನು ಬಲ್ಲ ಸಮುದಾಯಕ್ಕೆ ಲೆಕ್ಕದ ಮಹತ್ವವನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಆದರೆ ಇಲಾಖೆ ಎಣಿಸಿದ್ದು ಯಾವ ಲೆಕ್ಕವನ್ನು? ಬಿನ್ನಿಪೇಟೆಯನ್ನೇ ನೋಡಿ. ಯಾವ ಗಿರಣಿಯಿಂದ ಈ ಪೇಟೆಗೆ ಹೆಸರು ಬಂತೋ ಆ ಗಿರಣಿ ಇಂದಿಲ್ಲ. ಅದರ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಸುತ್ತಲಿನ ಗಲ್ಲಿಗಳಲ್ಲಿ, ಪಕ್ಕದ ಪಾದರಾಯನಪುರ ಮತ್ತು ಗೋರಿಪಾಳ್ಯಗಳಲ್ಲಿ ಇಂದಿಗೂ ಜೀವನ ಸಾಗುವುದು ಸಣ್ಣ ಅಂಗಡಿ, ಹೊಲಿಗೆ ಯಂತ್ರ ಮತ್ತು ತಳ್ಳುಗಾಡಿಗಳಿಂದಲೇ. ಇಂತಹ ಅಂಗಡಿಯವನ ಫೋನಿಗೆ ಬರುವ ಹಣವೆಲ್ಲ ವ್ಯಾಪಾರದ್ದಲ್ಲ. ಭಾವನು ಹಿಂತಿರುಗಿಸಿದ ಕೈಗಡ, ಚೀಟಿಯ ಕಂತು, ಆಸ್ಪತ್ರೆಯ ಖರ್ಚಿಗೆ ನೆಂಟರು ಸೇರಿಸಿ ಕಳುಹಿಸಿದ ಹಣ, ನಗದು ಬೇಕಾದ ಗಿರಾಕಿಯು ಫೋನಿನಲ್ಲಿ ಹಾಕಿ ಕೈಯಲ್ಲಿ ಪಡೆದ ಐನೂರು ರೂಪಾಯಿ, ಇವೆಲ್ಲವೂ ಅದೇ ಉಳಿತಾಯ ಖಾತೆಗೆ ಬಂದು ಬೀಳುತ್ತವೆ. ಯಂತ್ರಕ್ಕೆ ಇವೆಲ್ಲವೂ 'ವಹಿವಾಟು'. ನೋಟಿಸು ಅಂತಿಮ ಆದೇಶವಲ್ಲ, ಉತ್ತರ ಕೊಡಬಹುದೆಂದು ಇಲಾಖೆ ಹೇಳಿತು. ಸರಿ. ಆದರೆ ನಾಲ್ಕು ವರ್ಷಗಳ ಹಿಂದೆ ಬಂದ ಕೈಗಡಕ್ಕೆ ಸಾಕ್ಷಿ ಒದಗಿಸುವ ಹೊರೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಲ್ಲುವವನ ತಲೆಗೆ ಕಟ್ಟುವುದು ಯಾವ ನ್ಯಾಯ?

ಇದು ತೆರಿಗೆಗೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ನೋಟು ಕೈ ಬದಲಾಯಿಸಿದಾಗ ಅದು ಯಾರಿಂದ ಯಾರಿಗೆ, ಏಕೆ ಹೋಯಿತೆಂದು ನೋಟು ಹೇಳುವುದಿಲ್ಲ. ಫೋನಿನ ಪಾವತಿ ಹೇಳುತ್ತದೆ, ಮತ್ತು ಮರೆಯುವುದಿಲ್ಲ. ನೀವು ಯಾವ ವೈದ್ಯರಲ್ಲಿಗೆ ಹೋದಿರಿ, ಯಾವ ವಕೀಲರಿಗೆ ಶುಲ್ಕ ಕೊಟ್ಟಿರಿ, ಯಾವ ಪತ್ರಿಕೆಗೆ ಚಂದಾ ಕಟ್ಟಿದಿರಿ, ಯಾವ ಮಸೀದಿಗೆ ದಾನ ನೀಡಿದಿರಿ ಎಂಬುದೆಲ್ಲವೂ ಎಲ್ಲೋ ಒಂದೆಡೆ ದಾಖಲಾಗಿ ಕುಳಿತಿರುತ್ತದೆ. ಜೊತೆಗೆ ಹೆಸರೂ ತೆರೆಯ ಮೇಲೆ ಮೂಡುತ್ತದೆ. ನಮ್ಮ ದೇಶದಲ್ಲಿ ಹೆಸರೆಂದರೆ ಬರಿಯ ಹೆಸರಲ್ಲವೆಂಬುದು ಓದುಗರಿಗೆ ತಿಳಿಯದ್ದೇನಲ್ಲ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. 2025ರಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರದಲ್ಲಿ ಕಾವಡ್ ಯಾತ್ರೆಗೆ ಮುನ್ನ ಕೆಲವರು ಹೆದ್ದಾರಿಯ ಢಾಬಾಕ್ಕೆ ಹೋಗಿ, ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಮಾಲಕನ ಧರ್ಮವನ್ನು ಪತ್ತೆಹಚ್ಚಲು ಹೊರಟರು. ಹಣ ಪಡೆಯುವ ಸಾಧನವೇ ಬಹಿಷ್ಕಾರದ ಸಾಧನವೂ ಆಗಬಲ್ಲದೆಂಬುದಕ್ಕೆ ಬೇರೆ ಪುರಾವೆ ಬೇಕೆ?

'ತಪ್ಪು ಮಾಡದವನಿಗೆ ಬಚ್ಚಿಡುವುದೇನಿದೆ?' ಎಂದು ಕೇಳುವವರಿದ್ದಾರೆ. ಖಲೀಫಾ ಉಮರ್ ಅವರ ಕುರಿತಾದ ಪ್ರಸಿದ್ಧ ವೃತ್ತಾಂತವೊಂದು ಇವರಿಗೆ ಉತ್ತರವಾಗಿದೆ. ರಾತ್ರಿಯ ಗಸ್ತಿನಲ್ಲಿ ಗೋಡೆ ಹತ್ತಿ ಒಳಗಿಳಿದು ಮದ್ಯ ಸೇವಿಸುತ್ತಿದ್ದವನನ್ನು ಅವರು ಹಿಡಿದಾಗ, ತಾನು ಮಾಡಿದ್ದು ಒಂದು ತಪ್ಪಾದರೆ ಗೂಢಚರ್ಯೆ ನಡೆಸಿ, ಬಾಗಿಲು ಬಿಟ್ಟು ಗೋಡೆ ಹಾರಿ, ಅನುಮತಿಯಿಲ್ಲದೆ ಒಳನುಗ್ಗಿದ ಖಲೀಫರದು ಮೂರು ತಪ್ಪೆಂದು ಆತ ಎದುರಾಡಿದ. ಉಮರ್ ಆತನನ್ನು ಬಿಟ್ಟು ಹಿಂತಿರುಗಿದರು. ತಪ್ಪಿತಸ್ಥನಿಗೂ ತನ್ನ ಮನೆಯ ಗೋಡೆಯ ಹಕ್ಕಿದೆಯೆಂದಾದರೆ, ನಿರಪರಾಧಿಗೆ ಅದು ಎಷ್ಟು ಪಟ್ಟು ಹೆಚ್ಚಿರಬೇಡ?

ನಮ್ಮ ಸಂವಿಧಾನವೂ ಬೇರೆ ಮಾತು ಹೇಳುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆದರೆ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಬಾಗಿಲನ್ನು ತೆರೆದೇ ಇಟ್ಟಿದೆ. ಇನ್ನು ಚುನಾವಣಾ ಬಾಂಡನ್ನು ನೆನಪಿಸಿಕೊಳ್ಳಿ. 2018ರಿಂದ 2024ರ ಫೆಬ್ರವರಿ 15ರಂದು ಸುಪ್ರೀಮ್ ಕೋರ್ಟು ರದ್ದುಗೊಳಿಸುವವರೆಗೂ, ರಾಜಕೀಯ ಪಕ್ಷಗಳಿಗೆ ಕೋಟಿಗಟ್ಟಲೆ ಕೊಟ್ಟವರ ಹೆಸರನ್ನು ಜನರಿಂದ ಮರೆಮಾಚಲು ಈ ದೇಶದಲ್ಲಿ ಕಾನೂನೇ ಇತ್ತು! ಕೋಟ್ಯಧಿಪತಿಯ ದೇಣಿಗೆಗೆ ಪರದೆ, ಚಹಾ ಮಾರುವವನ ಹತ್ತು ರೂಪಾಯಿಗೆ ಭೂತಗನ್ನಡಿ. ಇದು ಪಾರದರ್ಶಕತೆಯೇ?

ನಗದೆಂದರೆ ಕಪ್ಪುಹಣ ಎಂಬ ಪ್ರಚಾರದ ಬಣ್ಣವೂ ಎಂದೋ ಬಯಲಾಗಿದೆ. 2016ರ ನವೆಂಬರ್ 8ರಂದು ರದ್ದಾದ ನೋಟುಗಳಲ್ಲಿ ಶೇಕಡಾ 99.3ರಷ್ಟು ಬ್ಯಾಂಕಿಗೆ ಮರಳಿತೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ತಿಳಿಸಿತು. ಅಂದು ಬ್ಯಾಂಕಿನ ಸಾಲಿನಲ್ಲಿ ನಿಂತವರು ಕಾಳಧನಿಕರಲ್ಲ, ಅಕ್ಕಿ ಡಬ್ಬಿಯಲ್ಲಿ ನಾಲ್ಕು ಕಾಸು ಕೂಡಿಟ್ಟಿದ್ದ ನಮ್ಮ ತಾಯಂದಿರು. 2025ರ ಏಪ್ರಿಲ್ 12ರಂದು ಯುಪಿಐ ದೇಶದಾದ್ಯಂತ ಸ್ಥಗಿತಗೊಂಡಾಗಲೂ, ಅದೇ ತಿಂಗಳ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ಗಳು ಕತ್ತಲಲ್ಲಿ ಮುಳುಗಿ ಕಾರ್ಡು ಯಂತ್ರಗಳು ನಿಂತಾಗಲೂ ಜನರ ಕೈಹಿಡಿದದ್ದು ಜೇಬಿನಲ್ಲಿದ್ದ ನೋಟೇ.

ಹಾಗೆಂದು ನಗದೇ ಸರ್ವಸ್ವವೆಂದು ನಾವು ಹೇಳುತ್ತಿಲ್ಲ. ಸಂಬಳ ನಗದಿನಲ್ಲಿ ಬಂದಾಗ ಧಣಿ ಮೋಸ ಮಾಡಿದರೆ ಕಾರ್ಮಿಕನಿಗೆ ಸಾಕ್ಷಿ ಇರುವುದಿಲ್ಲ. ದೂರದ ಊರಿನಲ್ಲಿ ಓದುವ ಮಗಳಿಗೆ ಕ್ಷಣದಲ್ಲಿ ಹಣ ತಲುಪುವುದು ಫೋನಿನಿಂದಲೇ. ಎರಡೂ ಇರಲಿ, ಆಯ್ಕೆ ಪ್ರಜೆಯದಾಗಿರಲಿ. ಯಾವ ದಾರಿಯನ್ನು ಹಿಡಿದರೂ ಆತನಿಗೆ ಭಯವಿಲ್ಲದಿರಲಿ. ಇದಕ್ಕಾಗಿ ಸರಕಾರವು ಮಾರಾಟದ ಹಣವನ್ನೂ ಮನೆಯ ಹಣವನ್ನೂ ಬೇರ್ಪಡಿಸಿ ನೋಡದೆ ನೋಟಿಸು ಕಳುಹಿಸುವುದನ್ನು ನಿಲ್ಲಿಸಬೇಕು. ಯಾವ ಮಾಹಿತಿಯನ್ನು, ಯಾವ ಕಾರಣಕ್ಕೆ, ಎಷ್ಟು ಕಾಲದವರೆಗೆ ಪಡೆಯಬಹುದೆಂಬುದಕ್ಕೆ ಸ್ಪಷ್ಟ ಮಿತಿ ಹಾಕಬೇಕು. ಸಣ್ಣ ಮೊತ್ತದ ಪಾವತಿಯಲ್ಲಿ ಪೂರ್ಣ ಹೆಸರು ಕಾಣದಂತಹ ವ್ಯವಸ್ಥೆ ಬರಬೇಕು.

ವ್ಯಾಪಾರಿ ಸಹೋದರರು ಅಂಗಡಿಗೊಂದು, ಮನೆಗೊಂದು ಪ್ರತ್ಯೇಕ ಖಾತೆ ಇಟ್ಟುಕೊಳ್ಳಲಿ. ದಿನದ ಜಮಾ ಖರ್ಚನ್ನು ಬರೆದಿಡಲಿ. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನ ವ್ಯಾಪಾರಿಗೆ ಶೇಕಡಾ ಒಂದರ ರಾಜಿ ತೆರಿಗೆಯ ಸೌಲಭ್ಯವಿದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? ಪ್ರತಿ ಮೊಹಲ್ಲಾದ ಜಮಾಅತ್ ಸಮಿತಿಯು ಲೆಕ್ಕ ಬಲ್ಲ ಒಬ್ಬಿಬ್ಬರನ್ನು ಕರೆಸಿ ತಿಂಗಳಿಗೊಮ್ಮೆ ಇಂತಹ ತಿಳಿವಳಿಕೆ ನೀಡುವುದು ಕಷ್ಟವೇನಲ್ಲ.

ಕೊನೆಯದಾಗಿ, ಅತ್ಯಂತ ಖೇದದಿಂದ, ನಮ್ಮವರಿಗೇ ಒಂದು ಮಾತು. ಪ್ರಭುತ್ವದ ಇಣುಕುನೋಟವನ್ನು ಖಂಡಿಸುವ ನಾವು ಝಕಾತ್ ಪಡೆಯಲು ಬಂದ ವಿಧವೆಯ ಫೋಟೋ ತೆಗೆದು ವಾಟ್ಸಪ್‌ನಲ್ಲಿ ಹರಿಯಬಿಡುವುದೇಕೆ? ರೇಷನ್ ಕಿಟ್ ಪಡೆದವರ ಪಟ್ಟಿಯನ್ನು ಫೋನ್ ನಂಬರ್ ಸಮೇತ ಹಂಚುವುದೇಕೆ? ಬಹಿರಂಗ ದಾನ ಒಳ್ಳೆಯದಾದರೂ ಬಡವನಿಗೆ ಗುಟ್ಟಾಗಿ ಕೊಡುವುದು ಇನ್ನೂ ಉತ್ತಮವೆಂದು ಕಲಿತ ಸಮುದಾಯವಲ್ಲವೇ ನಮ್ಮದು? ದಾನಿಗೆ ಲೆಕ್ಕ ಒಪ್ಪಿಸಲು ಮೊತ್ತ ಮತ್ತು ಫಲಾನುಭವಿಗಳ ಸಂಖ್ಯೆ ಸಾಕು, ಅವರ ಮುಖ ಬೇಕಿಲ್ಲ. ಬಡವನ ಮಾನಕ್ಕೆ ಮರೆ ಕೊಡುವ ಕೆಲಸ ಮೊದಲು ನಮ್ಮ ಮಸೀದಿಯ ಅಂಗಳದಿಂದಲೇ ಆರಂಭವಾಗಲಿ. ಆಗ ಸರಕಾರದ ಮುಂದೆ ಅದೇ ಹಕ್ಕನ್ನು ಕೇಳುವ ನಮ್ಮ ಧ್ವನಿಗೆ ಹೆಚ್ಚಿನ ಬಲ ಬಂದೀತು.