ಹಿಂದಿನ ಸಾಲಿನವನಿಗೊಂದು ಲೆನ್ಸು

ಊರಿನಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುವುದೂ, ಇಲ್ಲಿಯ ಸಭಾಗೃಹಗಳಲ್ಲಿ ಆಟಗಳು ನಡೆಯುವುದೂ ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಆ ಸಭಾಗೃಹಗಳಲ್ಲಿ ಮುಂದಿನ ಸಾಲು ಗಣ್ಯರಿಗೆ ಮೀಸಲು. ಹೋಟೆಲಿನ ಪಾಳಿ ಮುಗಿಸಿ, ಲೋಕಲ್ ಗಾಡಿ ಹಿಡಿದು, ಪ್ರಸಂಗ ಅರ್ಧವಾದ ಮೇಲೆ ಒಳಹೊಗುವವನಿಗೆ ದೊರೆಯುವುದು ಹಿಂದಿನ ಕುರ್ಚಿಯೇ. ಅಂತಹ ಒಬ್ಬ ತರುಣ, ಹೋಟೆಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವವನು, ಇತ್ತೀಚೆಗೆ ನಮ್ಮಲ್ಲಿಗೆ ಬಂದು ತನ್ನ ಡಿಜಿಟಲ್ ಕ್ಯಾಮರಾದಲ್ಲಿದ್ದ ಚಿತ್ರಗಳನ್ನು ತೋರಿಸಿದನು. ಎದುರಿಗೆ ಇಪ್ಪತ್ತು ತಲೆಗಳು. ಅವುಗಳಾಚೆ ಕಲಸಿಹೋದ ಒಂದು ಹಿಡಿ ಬಣ್ಣ. ಅದು ಪುಂಡುವೇಷದ ಧೀಂಗಿಣವೆಂದು ಅವನು ಹೇಳಿದ ಮೇಲೆ ನಮಗೆ ತಿಳಿಯಿತು.

"ಸ್ವಾಮೀ, ಕಂತಿನ ಮೇಲೆ ದೊಡ್ಡ ಲೆನ್ಸು ಕೊಡುತ್ತಾರಂತೆ, ತೆಗೆದುಕೊಳ್ಳಲೇ?" ಎಂಬುದು ಅವನ ಪ್ರಶ್ನೆ. ಬೇಡವೆಂದೆವು. ಇಂತಹ ಪ್ರಶ್ನೆ ಹೊತ್ತ ಹೋಟೆಲು ಬಂಧುಗಳೂ ಗುಮಾಸ್ತ ಮಿತ್ರರೂ ಇನ್ನೂ ಹಲವರಿರುವರೆಂದು ತೋರಿದುದರಿಂದ, ಬೇಡವೆಂದುದೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಂಗಡಿಯವನು ಮೊದಲು ಮುಂದಿಡುವುದು ಹಿಂದೆ ಮುಂದೆ ಎಳೆಯಬಲ್ಲ ಜೂಮ್ ಲೆನ್ಸನ್ನು. 250 ಅಥವಾ 300 ಮಿಲಿಮೀಟರಿನವರೆಗೂ ಎಳೆಯಬಹುದೆಂಬುದು ನಿಜ. ಆದರೆ ಅಗ್ಗದ ಜೂಮನ್ನು ಎಳೆದಂತೆಲ್ಲ ಬೆಳಕು ಹೊಗುವ ದ್ವಾರ ಕಿರಿದಾಗಿ 5.6ಕ್ಕೋ 6.3ಕ್ಕೋ ಇಳಿಯುತ್ತದೆ. ಈ ಅಂಕೆ ಹೆಚ್ಚಿದಷ್ಟೂ ಬೆಳಕು ಕಡಿಮೆ. 2.8ರ ದ್ವಾರ 5.6ರದಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಬಿಡುವುದು. ಎಂದರೆ, ಸೆಕೆಂಡಿನ 50ನೇ ಒಂದು ಪಾಲು ಬೇಕಾಗಿದ್ದ ಚಿತ್ರ 200ನೇ ಒಂದು ಪಾಲಿನಲ್ಲಿ ಮುಗಿಯುವುದು. ಕುಣಿಯುವ ವೇಷ ಕಲಸಿಹೋಗುವುದಕ್ಕೂ ಕಣ್ಣುಹುಬ್ಬು ಕಾಣುವುದಕ್ಕೂ ನಡುವಣ ಅಂತರ ಇಷ್ಟೇ. ಕೈನಡುಕವನ್ನು ತಡೆಯುವ ಯಂತ್ರ ಒಳಗಿದೆಯೆಂದು ಅಂಗಡಿಯವನು ಹೊಗಳುವನು. ಅದು ತಡೆಯುವುದು ನಮ್ಮ ಕೈನಡುಕವನ್ನು, ಕಲಾವಿದನ ಕುಣಿತವನ್ನಲ್ಲ.

ಆದುದರಿಂದ ನೋಡಬೇಕಾದುದು ಒಂದೇ ಸಂಗಮದೂರದ ಲೆನ್ಸನ್ನು, ಪ್ರೈಮ್ ಎಂದು ಕರೆಯುವುದನ್ನು. ಎಷ್ಟು ದೂರದ್ದು? ನಮ್ಮವರ ಕೈಯಲ್ಲಿರುವ ಕ್ಯಾಮರಾಗಳಲ್ಲಿ ಹೆಚ್ಚಿನವು ಚಿಕ್ಕ ಸಂವೇದಕದವು, ಸುಮಾರು 24 ಮಿಲಿಮೀಟರ್ ಅಗಲದವು. ಅಂತಹುದಕ್ಕೆ 135ರ ಲೆನ್ಸು ತೊಡಿಸಿ ನೆಟ್ಟಗೆ ಹಿಡಿದರೆ, 50 ಅಡಿ ದೂರದಲ್ಲಿ ಸುಮಾರು ಎಂಟೂವರೆ ಅಡಿ ಎತ್ತರ ಚೌಕಟ್ಟಿನೊಳಗೆ ಬರುವುದು. ಕಿರೀಟ ಸಹಿತ ಇಡೀ ವೇಷ, ತಲೆಯ ಮೇಲೆ ತುಸು ಬಯಲು. 200ರ ಲೆನ್ಸಾದರೆ ಅಲ್ಲಿಂದಲೇ ಗೆಜ್ಜೆಯೋ ಕಿರೀಟವೋ ಒಂದನ್ನು ಬಿಡಬೇಕು. ಮೂವತ್ತಡಿಯಲ್ಲಿ ಕುರ್ಚಿ ದೊರೆಯುವ ಭಾಗ್ಯವಂತನಿಗೆ 85ರದೇ ಸಾಕು, 1.8ರ ದ್ವಾರವುಳ್ಳ ಅಂತಹ ಲೆನ್ಸುಗಳು ಕೆನಾನ್, ನಿಕಾನ್ ಎರಡರಲ್ಲೂ ಉಂಟು.

ಇನ್ನು ಹಣದ ಮಾತು. ಹೊಸ 135ರ ಲೆನ್ಸುಗಳ ಬೆಲೆ ನಮ್ಮವರ ಸಂಬಳಕ್ಕೆ ಹೊಂದತಕ್ಕದ್ದಲ್ಲ. ಆದರೆ ಫಿಲ್ಮಿನ ಕಾಲದಲ್ಲಿ 135 ಮಿಲಿಮೀಟರ್ ಬಹು ಜನಪ್ರಿಯ ಅಳತೆಯಾಗಿತ್ತು. ಜಪಾನಿನವರು, ಪೂರ್ವ ಜರ್ಮನಿಯವರು, ಸೋವಿಯತ್ ಕಾರ್ಖಾನೆಗಳವರು ರಾಶಿ ರಾಶಿಯಾಗಿ ತಯಾರಿಸಿದರು. ಪೆಂಟಕಾನಿನ 2.8, ಸೋವಿಯತ್ತಿನ ಜುಪಿಟರ್ 37ಎ ಎಂಬ 3.5, ಅಸಾಹಿಯವರ ಟಾಕುಮಾರ್, ನಿಕಾನಿನ ಹಳೆಯ ನಿಕ್ಕೋರ್ ಇವೆಲ್ಲ ಹಳೆಯ ಸಾಮಾನಿನ ಪೇಟೆಯಲ್ಲಿ ಇಂದಿಗೂ ಓಡಾಡುತ್ತಿರುವ ಮಾಲು. ಕೋಟೆ ಭಾಗದ ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳಲ್ಲಿ ಒಂದು ಮಧ್ಯಾಹ್ನ ತಿರುಗಾಡುವುದು ವ್ಯರ್ಥವಾಗದು. ಇವುಗಳಲ್ಲಿ ತಾನಾಗಿ ಫೋಕಸ್ ಆಗುವ ವ್ಯವಸ್ಥೆಯಿಲ್ಲ, ಬಳೆಯನ್ನು ಕೈಯಿಂದಲೇ ತಿರುಗಿಸಬೇಕು. ಭಾಗವತರ ಪದ ತಿಳಿದವನಿಗೆ ಕುಣಿತದ ಮುಕ್ತಾಯ ಎಲ್ಲಿ ಬರುವುದೆಂದು ಯಂತ್ರಕ್ಕಿಂತ ಮೊದಲೇ ಗೊತ್ತಿರುತ್ತದೆ, ಎಂಬುದು ನಮ್ಮ ಧೈರ್ಯ.

ಕೊಳ್ಳುವ ಮುನ್ನ ಜೋಡಣೆಯನ್ನು ವಿಚಾರಿಸಿಕೊಳ್ಳಬೇಕು. ನಮ್ಮವರು ಮೋಸಹೋಗುವುದು ಇಲ್ಲಿಯೇ. ಪೆಂಟಕಾನ್ ಮತ್ತು ಹಳೆಯ ಟಾಕುಮಾರ್ ಲೆನ್ಸುಗಳು ತಿರುಪಿನವು, 42 ಮಿಲಿಮೀಟರ್ ವ್ಯಾಸದವು. ಕೆನಾನಿನ ಕನ್ನಡಿಯುಳ್ಳ ಡಿಜಿಟಲ್ ಕ್ಯಾಮರಾಕ್ಕೆ ಒಂದು ತೆಳು ಉಂಗುರ ಸಾಕು. ನಿಕಾನಿನದಕ್ಕೆ ಹಾಗಲ್ಲ. ಅದರಲ್ಲಿ ಲೆನ್ಸಿಗೂ ಸಂವೇದಕಕ್ಕೂ ನಡುವಣ ದೂರ 46.5 ಮಿಲಿಮೀಟರ್, ತಿರುಪಿನ ಲೆನ್ಸು ಬೇಡುವುದು 45.46. ಒಂದು ಮಿಲಿಮೀಟರ್ ಹೆಚ್ಚಾದ ತಪ್ಪಿಗೆ ದೂರದ ವಸ್ತು ಸ್ಪಷ್ಟವಾಗಿ ಕೂಡುವುದೇ ಇಲ್ಲ. ನಿಕಾನ್ ಉಳ್ಳವನು ನಿಕ್ಕೋರನ್ನೇ ಹುಡುಕಲಿ, ಅದೂ 1977ರಿಂದ ಬಂದ ಎಐ ಎಂಬ ಬಗೆಯದನ್ನು. ಅದಕ್ಕೂ ಹಿಂದಿನವು ಕೆಲವು ಕ್ಯಾಮರಾಗಳಿಗೆ ಗಾಸಿ ಮಾಡುತ್ತವೆ. ನಿಕಾನಿನ 3000 ಮತ್ತು 5000ದ ಸಾಲಿನ ಕ್ಯಾಮರಾಗಳು ಇಂತಹ ಲೆನ್ಸಿನೊಡನೆ ಬೆಳಕನ್ನು ಅಳೆಯುವುದಿಲ್ಲ. ಪರದೆ ನೋಡಿ ಅಂದಾಜು ಮಾಡಿಕೊಳ್ಳಬೇಕು. ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾದವನಿಗೆ ಯಾವ ಹಳೆಯ ಲೆನ್ಸೂ ಸುಲಭ. ತಕ್ಕ ಅಡಾಪ್ಟರು ಕೊಂಡರಾಯಿತು, ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಫೋಕಸ್ ಮಾಡಬಹುದು.

ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡದೆ ಹಣ ಕೊಡಬಾರದು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬಿಟ್ಟು ಬರುವುದು ಲೇಸು. ಮುಂಬಯಿಯ ಮಳೆಗಾಲದಲ್ಲಿ, ಆರು ಜನ ಒಗೆದ ಬಟ್ಟೆ ಹರವುವ ಕೋಣೆಯಲ್ಲಿ, ಒಳ್ಳೆಯ ಲೆನ್ಸಿಗೂ ಅದು ಹಿಡಿಯುವುದು. ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು.

ಶಿವಡಿಯ ಕೆಸರಿಗೆ ಬರುವ ರಾಜಹಂಸಗಳ ಚಿತ್ರ ತೆಗೆಯಬಯಸುವವರ ಲೆಕ್ಕ ಬೇರೆ. ಕೆನಾನ್ 2020ರಲ್ಲಿ 600 ಮತ್ತು 800 ಮಿಲಿಮೀಟರಿನ, 11ರ ಸ್ಥಿರ ದ್ವಾರದ ಎರಡು ಪ್ರೈಮ್ ಲೆನ್ಸುಗಳನ್ನು ಹೊರತಂದಿತು. ಆ ಉದ್ದಕ್ಕೆ ಅವು ಅಗ್ಗವೇ ಸರಿ. ಬಿಸಿಲಿನಲ್ಲಿ ಅವು ನಡೆದಾವು. ಸಭಾಗೃಹದೊಳಗೆ ಅವು ಕೊಡುವುದು 2.8ರ ಬೆಳಕಿನ 16ನೇ ಒಂದು ಪಾಲು ಮಾತ್ರ. ಅಗ್ಗವೆಂಬುದು ಯಾವುದಕ್ಕೆ ಎಂದು ಕೇಳಿದ ಮೇಲೆ ಅರ್ಥ ಪಡೆಯುವ ಮಾತು.

ನಮ್ಮ ಸಂಘಗಳಿಗೂ ಒಂದು ಮಾತು. ವಾರ್ಷಿಕೋತ್ಸವಗಳ ಚಿತ್ರಸಂಪುಟಗಳನ್ನು ತೆರೆದರೆ ಕಾಣುವುದು ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಶಾಲು. ಆ ರಾತ್ರಿ ಕುಣಿದವನ ಒಂದು ಚಿತ್ರವಾದರೂ ಇದ್ದರೆ ಅದು ಆಕಸ್ಮಿಕ. ಹಾರ ತುರಾಯಿಯ ಖರ್ಚಿನಲ್ಲಿ ಒಂದಂಶ ಉಳಿಸಿ, ಹಳೆಯ 135ರ ಲೆನ್ಸೊಂದನ್ನೂ ಎರಡು ಮೂರು ಬಗೆಯ ಅಡಾಪ್ಟರುಗಳನ್ನೂ ಸಂಘದ ಕಪಾಟಿನಲ್ಲಿಟ್ಟು, ಸದಸ್ಯರಿಗೆ ಪುಸ್ತಕದಂತೆ ಸರದಿಯ ಮೇಲೆ ಕೊಡಬಾರದೇಕೆ? ಸಾಲದ ಕಂತು ಕಟ್ಟಲಾರದವನ ಕೈಗೂ ಆಗ ಅದು ಬರುವುದು. ಕಲಾವಿದರ ಒಪ್ಪಿಗೆ ಕೇಳುವುದನ್ನೂ, ಫ್ಲ್ಯಾಷ್ ಹಾಕಬಾರದೆಂಬುದನ್ನೂ ಕಪಾಟಿನ ಬಾಗಿಲಿಗೆ ಬರೆದು ಅಂಟಿಸಿದರಾಯಿತು.

ಗಲ್ಲಾದ ತರುಣ ಕಂತಿನ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಬರುವ ವಾರದ ರಜೆಯಂದು ಟಾರ್ಚ್ ಹಿಡಿದು ಬೋರಾ ಬಜಾರಿಗೆ ಹೋಗುವೆನೆಂದಿದ್ದಾನೆ.