ಒಳ್ಳೆಯ ರಾಜನೆಂಬ ಲಾಟರಿ

"ನಮ್ಮ ಮೈಸೂರು ಮಹಾರಾಜರಂಥವರು ಒಬ್ಬರಿದ್ದಿದ್ದರೆ ನೇಪಾಳಕ್ಕೆ ಈ ಗತಿ ಬರ್ತಿತ್ತೇನ್ರೀ?"

2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನ ಸಂಸತ್ ಭವನ ಹೊತ್ತಿ ಉರಿದ ವಾರ. ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಮೈಸೂರಿನ ಗೆಳೆಯರೊಬ್ಬರು ಹೀಗೆ ಕೇಳಿದರು. ಸುತ್ತ ಕೂತಿದ್ದ ಕನ್ನಡದವರೆಲ್ಲ ಹೌದೆಂದು ತಲೆಯಾಡಿಸಿದರು. ಮ್ಯಾನೇಜರ್ ಸರಿಯಿಲ್ಲವೆಂದು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು ಇವರು. ಆದರೆ ದೇಶಕ್ಕೆ ಮಾತ್ರ ಸಾಯುವವರೆಗೂ ಬದಲಾಗದ ಒಡೆಯ ಬೇಕಂತೆ! ನಾನೂ ಒಬ್ಬ ಮ್ಯಾನೇಜರ್, ಹಾಗಾಗಿ ಸುಮ್ಮನಿರಲಾಗಲಿಲ್ಲ.

ನೇಪಾಳದ ಗಣರಾಜ್ಯ ಜನರನ್ನು ನಿರಾಸೆಗೊಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. 2008ರ ಮೇ 28ರಂದು ಸಂವಿಧಾನ ಸಭೆ 560-4 ಮತಗಳಿಂದ ಸುಮಾರು 240 ವರ್ಷಗಳ ರಾಜಪ್ರಭುತ್ವವನ್ನು ಮುಗಿಸಿತು. ಅಲ್ಲಿಂದೀಚೆಗೆ ಅಲ್ಲಿ ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಲಿಲ್ಲ. 2015ರಿಂದ ಹತ್ತು ವರ್ಷ ಆ ಕುರ್ಚಿ ಓಲಿ, ಪ್ರಚಂಡ, ದೇವುಬಾ ಈ ಮೂವರ ನಡುವೆಯೇ ಸುತ್ತಿತು. 2025ರ ಮಾರ್ಚಿನಲ್ಲಿ ಮಾಜಿ ದೊರೆ ಜ್ಞಾನೇಂದ್ರ ಅವರನ್ನು ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಎದುರುಗೊಂಡದ್ದು ಸುಮ್ಮನೆ ಅಲ್ಲ. ರೋಗ ನಿಜವೇ. ಅವರು ಕೇಳುತ್ತಿರುವ ಮದ್ದು ತಪ್ಪು.

ಯಾಕೆಂದರೆ ಆ ಮದ್ದನ್ನು ನೇಪಾಳ ಆಗಲೇ ಕುಡಿದು ನೋಡಿದೆ. 2005ರ ಫೆಬ್ರವರಿ 1ರಂದು ಇದೇ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡರು. ನಾಯಕರು ಗೃಹಬಂಧನಕ್ಕೆ ಹೋದರು, ದೇಶದ ಫೋನುಗಳು ಸತ್ತವು. ಅವರನ್ನು ಮಣಿಸಲು 2006ರ ಏಪ್ರಿಲಿನಲ್ಲಿ ಜನ 19 ದಿನ ಬೀದಿಯಲ್ಲಿ ನಿಲ್ಲಬೇಕಾಯಿತು. ರಾಜನ ವಿರುದ್ಧ ಹಾಕಲು ಮತಪೆಟ್ಟಿಗೆಯೇ ಇರಲಿಲ್ಲವಲ್ಲ.

"ಓಲಿಯನ್ನು ಇಳಿಸೋದಕ್ಕೂ ಬೀದಿಗೇ ಇಳೀಬೇಕಾಯ್ತಲ್ಲ?" ಅಂದರು ಗೆಳೆಯರು. ನಿಜ. ಮೊದಲ ದಿನವೇ 19 ಜನರ ಹೆಣ ಬಿದ್ದ ಮೇಲೆ ಅವರು ಹೋದದ್ದು, ಗಣರಾಜ್ಯಕ್ಕೆ ಅದು ಕಳಂಕವೇ. ಆದರೆ ಆಮೇಲೇನಾಯಿತು ನೋಡಿ. ಪ್ರಧಾನಿ ಇಲ್ಲ, ಸಿಂಹದರ್ಬಾರಿನಿಂದ ಹೊಗೆ ಏಳುತ್ತಿದೆ. ಅರಮನೆಗೆ ಮರಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೂ ಹೋರಾಟದ ಹುಡುಗರು ಮುಂದೆ ಮಾಡಿದ್ದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕರ್ಕಿ ಅವರನ್ನು. ಅವರು ಹಂಗಾಮಿ ಪ್ರಧಾನಿಯಾದ ಬೆನ್ನಲ್ಲೇ 2026ರ ಮಾರ್ಚ್ 5ಕ್ಕೆ ಚುನಾವಣೆ ಗೊತ್ತಾಯಿತು. ರಾಜನ ಆಳ್ವಿಕೆಗೆ ಮುಗಿಯುವ ದಿನಾಂಕವೇ ಇರುವುದಿಲ್ಲ. ಇಡೀ ಜಗಳ ಇರುವುದು ಇಷ್ಟರಲ್ಲೇ.

ಇನ್ನು ಮೈಸೂರು. ನಾಲ್ವಡಿಯವರ ಬಗ್ಗೆ ನನಗೇನೂ ಕಡಿಮೆ ಗೌರವವಿಲ್ಲ. ವಿಶ್ವವಿದ್ಯಾನಿಲಯ, ಕನ್ನಂಬಾಡಿ, ಹಿಂದುಳಿದವರಿಗಾಗಿ ಮಿಲ್ಲರ್ ಸಮಿತಿ ಎಲ್ಲವೂ ನಿಜ. ಆದರೆ ನಾನು ರಾಯಚೂರಿನವನು. ಅದೇ ವರ್ಷಗಳಲ್ಲಿ ನಮ್ಮ ಹಿರಿಯರು ನಿಜಾಮನ ಪ್ರಜೆಗಳು. ರಜಾಕಾರರ ಹೆದರಿಕೆಗೆ ನಮ್ಮ ಕಡೆಯ ಎಷ್ಟೋ ಮನೆಯವರು ಊರು ಬಿಟ್ಟು ತುಂಗಭದ್ರೆ ದಾಟಿದರು. ದೇಶಕ್ಕೆ ಸಿಕ್ಕ ಸ್ವಾತಂತ್ರ್ಯ ನಮಗೆ ತಲುಪಿದ್ದು 1948ರ ಸೆಪ್ಟೆಂಬರ್ 17ಕ್ಕೆ. ನಿಮ್ಮಜ್ಜನಿಗೆ ನಾಲ್ವಡಿ, ನಮ್ಮಜ್ಜನಿಗೆ ನಿಜಾಮ. ಇಬ್ಬರೂ ಕೇಳಿ ಪಡೆದದ್ದಲ್ಲ, ಹುಟ್ಟಿದ ಊರಿನ ಲಾಟರಿ.

ಗೆದ್ದ ಚೀಟಿ ಕೈಯಲ್ಲಿದ್ದ ಮೈಸೂರಿನವರೂ ಅದನ್ನೇ ನೆಚ್ಚಿ ಕೂರಲಿಲ್ಲ. 1947ರಲ್ಲಿ 'ಮೈಸೂರು ಚಲೋ' ನಡೆಸಿದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅರಸರ ಮೇಲಿನ ಅಭಿಮಾನ ಬೇರೆ, ಆಳುವವರನ್ನು ಆರಿಸುವ ಹಕ್ಕು ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ಅವರ ಮೊಮ್ಮಕ್ಕಳಿಗೆ ರಾಜ ಯಾಕೆ ಬೇಕು? ನನ್ನನ್ನೇ ಕೇಳಿಕೊಂಡೆ. ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ಹೆಸರು ಇನ್ನೂ ರಾಯಚೂರಿನ ಮತದಾರರ ಪಟ್ಟಿಯಲ್ಲೇ ಇತ್ತು. ರಜೆ ಸಿಗಲಿಲ್ಲ, ರಿಲೀಸ್ ಇತ್ತು ಎಂದು ಎರಡು ಚುನಾವಣೆ ತಪ್ಪಿಸಿದ್ದೆ. ಯಾರೋ ಒಬ್ಬ ಪುಣ್ಯಾತ್ಮ ಬಂದು ಎಲ್ಲ ನೋಡಿಕೊಳ್ಳಲಿ, ನಮಗೆ ತೊಂದರೆ ಬೇಡ: ರಾಜಭಕ್ತಿ ಎಂದು ನಾವು ಹೇಳಿಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಈ ಸೋಮಾರಿತನವೇ.

ಆ ಭಾನುವಾರ ಕೂತು, ವಿಳಾಸ ಬದಲಾವಣೆಗೆ ನಮೂನೆ 8 ತುಂಬಿದೆ. ಹತ್ತು ನಿಮಿಷದ ಕೆಲಸ. ಮೈಸೂರಿನ ಗೆಳೆಯರಿಗೂ ಲಿಂಕ್ ಕಳಿಸಿದ್ದೇನೆ. ಅವರಿನ್ನೂ ತುಂಬಿಲ್ಲ.