ನಾಯಿಗೊಂದು ಫ್ರೆಂಚ್ ಹೆಸರು

ನಮ್ಮ ಮನೆಗೆ ನಾಯಿಮರಿಯೊಂದು ಬಂದಾಗ ಮೊದಲು ಎದ್ದ ಪ್ರಶ್ನೆ ಅದಕ್ಕೆ ಏನು ತಿನ್ನಿಸಬೇಕೆಂಬುದಲ್ಲ, ಏನೆಂದು ಹೆಸರಿಡಬೇಕೆಂಬುದು. ಕರಿಯ, ಕೆಂಚ ಎಂಬ ಹೆಸರುಗಳು ತೀರ ಹಳೆಯವೆಂದೂ, ಟಾಮಿ, ಟೈಗರ್‌ಗಳು ಬೀದಿಗೆ ನಾಲ್ಕಿವೆಯೆಂದೂ ಮನೆಯ ಕಿರಿಯರು ತೀರ್ಪಿತ್ತರು. ಕಡೆಗೆ ನಾನೇ ಫ್ರೆಂಚ್ ನಿಘಂಟೊಂದನ್ನು ತಿರುವಿ, 'ಮುದ್ದಾದದ್ದು' ಎಂಬ ಅರ್ಥದ ಪದವೊಂದನ್ನು ಆರಿಸಿಕೊಟ್ಟೆ. ಅದರ ಉಚ್ಚಾರಣೆ ಸುಮಾರಾಗಿ 'ಮಿನ್ಯೋಂ'. ಕೊನೆಯ ಸ್ವರ ಮೂಗಿನಿಂದಲೂ ಹೊರಡಬೇಕು. ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿಕೊಂಡ ನನ್ನ ತಮ್ಮನಿಗೆ ಅದು 'ಮಿಗ್ನಾನ್' ಆಯಿತು. ನನ್ನ ತಾಯಿಯ ಬಾಯಲ್ಲಿ 'ಮಿಣ್ಣ' ಆಯಿತು. ಸರಿಯಾದ ಉಚ್ಚಾರಣೆ ನನ್ನದೊಂದೇ ಎಂಬ ಹೆಮ್ಮೆ ನನಗೆ.

ಒಂದು ಸಂಜೆ ಬಾಗಿಲು ತೆರೆದಿದ್ದ ವೇಳೆಯಲ್ಲಿ ಮರಿ ರಸ್ತೆಗೆ ನುಗ್ಗಿತು. ಎದುರಿನಿಂದ ಲಾರಿ ಬರುತ್ತಿತ್ತು. 'ಮಿಗ್ನಾನ್' ಎಂದು ತಮ್ಮ ಕೂಗಿದ. 'ಮಿನ್ಯೋಂ' ಎಂದು ನಾನು ಕೂಗಿದೆ. ಅದು ತಿರುಗಿಯೂ ನೋಡಲಿಲ್ಲ. ಒಳಗಿನಿಂದ ಓಡಿಬಂದ ತಾಯಿ 'ಮಿಣ್ಣಾ!' ಎಂದೊಡನೆ ಗಕ್ಕನೆ ನಿಂತು, ಹಿಂದಿರುಗಿ ಓಡಿಬಂತು. ಲಾರಿ ಮುಂದೆ ಸಾಗಿತು. ದಿನವೂ ಅನ್ನ ಹಾಕುವವರ ದನಿಯಾದುದರಿಂದ ಅದು ನಿಂತಿರಬಹುದು. ಒಂದೇ ಪ್ರಸಂಗದಿಂದ ನಿಯಮವನ್ನು ಹೊರಡಿಸುವುದು ವಿಜ್ಞಾನಕ್ಕೆ ಸಲ್ಲದು. ಆದರೂ ಅಂದಿನಿಂದ ಒಂದು ಮಾತು ನನ್ನ ಮನಸ್ಸಿನಲ್ಲಿ ನೆಲೆನಿಂತಿದೆ: ನಾಯಿಯ ಹೆಸರು ಬರಹವಲ್ಲ, ಶಬ್ದ. ಅದನ್ನು ಆರಿಸಬೇಕಾದುದು ನಿಘಂಟಿನ ಪುಟದಿಂದಲ್ಲ, ಮನೆಯವರೆಲ್ಲರ ನಾಲಗೆಯಿಂದ.

ಫ್ರಾನ್ಸಿನವರು ತಮ್ಮ ನಾಯಿಗಳಿಗೆ ಹೆಸರಿಡುವ ರೀತಿಯನ್ನು ನೋಡಿ. ಅಲ್ಲಿ ಶುದ್ಧ ತಳಿಯ ನಾಯಿಗಳ ವಂಶಾವಳಿಯನ್ನು ದಾಖಲಿಸುವ ರಾಷ್ಟ್ರೀಯ ಪುಸ್ತಕವೊಂದಿದೆ. ಅದರಲ್ಲಿ ಸೇರುವ ಮರಿಯ ಹೆಸರು ಆ ವರ್ಷಕ್ಕೆ ಗೊತ್ತುಪಡಿಸಿದ ಅಕ್ಷರದಿಂದಲೇ ಆರಂಭವಾಗಬೇಕು. 26 ಅಕ್ಷರಗಳಲ್ಲಿ ಕೆ, ಕ್ಯೂ, ಡಬ್ಲ್ಯೂ, ಎಕ್ಸ್, ವೈ, ಝಡ್ ಎಂಬ ಆರನ್ನು ಕೈಬಿಟ್ಟಿರುವುದರಿಂದ ಉಳಿದವು 20. 2005ರಲ್ಲಿ 'ಎ' ಇತ್ತು, ಒಂದು ಸುತ್ತು ಮುಗಿದು 2025ರಲ್ಲಿ ಮತ್ತೆ 'ಎ' ಬಂತು, 2026ಕ್ಕೆ 'ಬಿ'. ಇದರ ಸೊಗಸನ್ನು ಗಮನಿಸಿ. ನಾಯಿ ಇಪ್ಪತ್ತು ವರ್ಷ ಬದುಕುವುದು ಬಲು ಅಪರೂಪ. ಆದುದರಿಂದ ಬದುಕಿರುವ ನಾಯಿಯ ಹೆಸರಿನ ಮೊದಲಕ್ಷರವನ್ನು ಕೇಳಿದರೆ ಅದು ಹುಟ್ಟಿದ ವರ್ಷ ತಿಳಿಯಿತೆಂದೇ ಅರ್ಥ. 2005ರಲ್ಲಿ ಆರಂಭವಾದ ಸುತ್ತಿನಲ್ಲಿ 'ಎಫ್' ಎಂದರೆ 2010, 'ಎಮ್' ಎಂದರೆ 2016. ಹೆಸರೊಂದು ಗಡಿಯಾರದ ಮುಳ್ಳಿನ ಕೆಲಸವನ್ನು ಮಾಡುತ್ತದೆ! ಅಲ್ಲಿ ಹೆಸರು ಬರಿಯ ಅಲಂಕಾರವಲ್ಲ, ಅದಕ್ಕೊಂದು ಪ್ರಯೋಜನವಿದೆ. ನಾವಾದರೋ ಆ ಪ್ರಯೋಜನವನ್ನು ಅಲ್ಲಿಯೇ ಬಿಟ್ಟು, ಕೇವಲ ಬೆಡಗನ್ನು ಎರವಲು ತರುತ್ತೇವೆ.

ತರುವಾಗ ಎಡವುವುದು ಎಲ್ಲಿ? ಫ್ರೆಂಚ್ ಭಾಷೆಯಲ್ಲಿ ಪದಾಂತ್ಯದ ವ್ಯಂಜನಗಳನ್ನು ಬಹುಮಟ್ಟಿಗೆ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಇನ್ನು ಅನುನಾಸಿಕ ಸ್ವರಗಳು. ಅವುಗಳನ್ನು ನುಡಿಯುವಾಗ ಗಂಟಲಲ್ಲಿ ಹುಟ್ಟಿದ ಕಂಪನವು ಬಾಯಿಯ ಪೊಳ್ಳಿನೊಡನೆ ಮೂಗಿನ ಪೊಳ್ಳನ್ನೂ ಹೊಗುತ್ತದೆ. ಎರಡು ಪೊಳ್ಳುಗಳು ಕೂಡಿದಾಗ ಕೆಲವು ಕಂಪನಗಳು ಅನುರಣನದಿಂದ ಬಲಗೊಳ್ಳುತ್ತವೆ, ಕೆಲವು ಅಡಗಿಹೋಗುತ್ತವೆ. ನಮ್ಮ ಅನುಸ್ವಾರ ಇಂಥ ಸ್ವರವಲ್ಲ. 'ಶಂಖ', 'ಪಂಪ' ಎನ್ನುವಾಗ ಅದು ಮುಂದಿನ ಅಕ್ಷರಕ್ಕೆ ತಕ್ಕ ವ್ಯಂಜನವೇ ಆಗುತ್ತದೆ. ಹೀಗಿರುವಲ್ಲಿ 'ಮಿನ್ಯೋಂ' ಎಂದು ಬರೆದುದನ್ನು ಕನ್ನಡಿಗರು 'ಮಿನ್ಯೋಮ್' ಎಂದೋದಿದರೆ ಅವರ ತಪ್ಪೇನು?

'ನಾಯಿಗೆ ಭಾಷೆ ತಿಳಿಯದು, ಯಾವ ಹೆಸರಾದರೇನು?' ಎಂದು ಕೆಲವರು ಕೇಳಿಯಾರು. ನಾಯಿಯ ಕಿವಿ ಸಾಮಾನ್ಯವಾದುದಲ್ಲ. ನಾವು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲೆವಾದರೆ ನಾಯಿ ಸುಮಾರು 45,000ದವರೆಗೆ ಕೇಳುತ್ತದೆ. ನೆನಪೂ ಅಷ್ಟೆ: ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ಆಟಿಕೆಗಳ ಹೆಸರುಗಳನ್ನು ಕಲಿತಿತ್ತೆಂದು 2011ರಲ್ಲಿ ಪ್ರಕಟವಾಯಿತು. ಆದರೆ ಕೇಳುವುದು ಬೇರೆ, ಮಾತಿನ ಸೂಕ್ಷ್ಮವನ್ನು ಗುರುತಿಸುವುದು ಬೇರೆ. 2020ರಲ್ಲಿ ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ನಾಯಿಗಳ ತಲೆಗೆ ವಿದ್ಯುದಗ್ರಗಳನ್ನಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದರು. ಪರಿಚಿತ ಪದವನ್ನೂ ಪೂರ್ತಿ ಬೇರೆಯಾದ ಅರ್ಥಹೀನ ಪದವನ್ನೂ ನಾಯಿಯ ಮಿದುಳು ಬೇಗನೆ ಬೇರ್ಪಡಿಸಿತು. ಒಂದೇ ಒಂದು ಧ್ವನಿ ಬದಲಾದ ಪದವನ್ನು ಬೇರ್ಪಡಿಸಲಿಲ್ಲ. ಇದು ನಮಗೆ ಸಮಾಧಾನವನ್ನೂ ಎಚ್ಚರವನ್ನೂ ಏಕಕಾಲಕ್ಕೆ ಹೇಳುತ್ತದೆ. ಒಂದು ಧ್ವನಿ ಆಚೀಚೆಯಾದರೆ ನಾಯಿ ಸಹಿಸೀತು. 'ಮಿಗ್ನಾನ್', 'ಮಿಣ್ಣ' ಎಂಬಷ್ಟು ದೂರವಾದರೆ ಅದಕ್ಕೆ ಅವು ಎರಡು ಬೇರೆ ಶಬ್ದಗಳು.

ಹಾಗಾದರೆ ಫ್ರೆಂಚ್ ಹೆಸರೇ ಬೇಡವೆ? ಹಾಗೆನ್ನುವವನು ನಾನಲ್ಲ. 'ತುಂಟ' ಎಂಬರ್ಥದ 'ಫಿಲೂ', 'ಒಡವೆ' ಎಂಬರ್ಥದ 'ಬಿಜೂ', ಬೆಲ್ಜಿಯಮ್ಮಿನ ಚಿತ್ರಕಾರ ಎರ್ಜೆ 1929ರಿಂದ ಚಿತ್ರಿಸಿದ ತಾಂತಾನನ ಬಿಳಿಯ ನಾಯಿ 'ಮಿಲೂ' – ಇವೆಲ್ಲ ಎರಡೇ ಮಾತ್ರೆಯ ಮಾತುಗಳಂತೆ ಚುರುಕಾಗಿ ನಾಲಗೆಯ ಮೇಲೆ ಹೊರಳುತ್ತವೆ. ದೀರ್ಘಸ್ವರದಲ್ಲಿ ಮುಗಿಯುವುದರಿಂದ ದೂರದಿಂದ ಎಳೆದು ಕೂಗಲೂ ಅನುಕೂಲ. 'ಬಿಜೂ'ವಿನ ನಡುವಣ ಫ್ರೆಂಚ್ ಧ್ವನಿ ನಮ್ಮ 'ಜ'ಕಾರವಲ್ಲ, ನಿಜ. ಆದರೆ ಮನೆಯವರೆಲ್ಲರೂ ಒಂದೇ ಬಗೆಯಾಗಿ 'ಜ' ಎಂದರೆ ನಾಯಿಗೆ ಅದೇ ಶುದ್ಧ ಪಾಠ.

ಈ ವಿಷಯವನ್ನು ತರುಣ ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ನಾಯಿಗೆ ಕಾಣದಂತೆ ಮರೆಯಲ್ಲಿ ನಿಂತು, ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದೇ ದನಿಯಲ್ಲಿ ಬಿಟ್ಟುಬಿಟ್ಟು ಹೇಳಿರಿ. ಐದನೆಯದಾಗಿ ಹೆಸರನ್ನು ಹೇಳಿರಿ. ಅದು ತಲೆಯೆತ್ತಿತೆ, ಕಿವಿ ನಿಮಿರಿಸಿತೆ, ಬರೆದಿಟ್ಟುಕೊಳ್ಳಿರಿ. ಮನೆಯ ಪ್ರತಿಯೊಬ್ಬರಿಂದಲೂ, ಅವರವರ ಉಚ್ಚಾರಣೆಯಲ್ಲಿ, ಹಲವು ದಿನ ಇದನ್ನು ಮಾಡಿಸಿರಿ. ಪರೀಕ್ಷೆಯ ನಡುವೆ ತಿಂಡಿಯ ಆಸೆ ತೋರಿಸಬಾರದು. ಹೆಸರಿಟ್ಟವರ ಅಭಿಮಾನಕ್ಕಿಂತ ಆ ಪಟ್ಟಿ ಹೆಚ್ಚು ಸತ್ಯವನ್ನು ಹೇಳೀತು.

ಪರಭಾಷೆಯ ಪದವನ್ನು ನಮ್ಮ ಬಾಯಿಗೆ ಒಗ್ಗಿಸಿಕೊಂಡರೆ ಅವಮಾನವೆಂದು ಬಗೆಯಬೇಕಾಗಿಲ್ಲ. 1940ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲಾಸ್ಕೋ ಗುಹೆಯ ಪ್ರಾಚೀನ ಚಿತ್ರಗಳನ್ನು ಬೆಳಕಿಗೆ ತಂದ ತರುಣರಲ್ಲಿ ಮಾರ್ಸೆಲ್ ರವಿದಾ ಎಂಬಾತನೊಬ್ಬ. ಅವನ ನಾಯಿಯ ಹೆಸರು 'ರೋಬೋ'. ಅದು ಕಾರೆಲ್ ಚಾಪೆಕ್ಕನ 1920ರ ನಾಟಕದಿಂದ ಲೋಕಕ್ಕೆ ಹಬ್ಬಿದ ಚೆಕ್ ಭಾಷೆಯ 'ರೋಬಾಟ್' ಪದವೇ. ಫ್ರೆಂಚರು ಕೊನೆಯ 'ಟ'ಕಾರವನ್ನು ಸಂಕೋಚವಿಲ್ಲದೆ ನುಂಗಿ, ಪದವನ್ನು ತಮ್ಮದಾಗಿಸಿಕೊಂಡರು. ಅವರಿಗೆ ಸಲ್ಲುವುದು ನಮಗೇಕೆ ಸಲ್ಲದು?

ನಮ್ಮ ಮನೆಯ ನಾಯಿಗೆ ಈಗ ಒಂದೇ ಹೆಸರು, ಮಿಣ್ಣ. ನಾನು ಕರೆದರೂ ಬರುತ್ತದೆ.